22 ಡಾಲರಿನ ಪಿಎಚ್ ಪೆನ್ನು, 12 ಡಾಲರಿನ ಲೂಪ್: ಎರಡು ವರ್ಷ ಬಳಸಿದ ಮೇಲೆ

ಗಿಡದ ಎಲೆ ಕೆಟ್ಟಾಗ ಕಾರಣ ಹುಡುಕಲು ಕೊಂಡ ಸಾಮಾನುಗಳ ಕಥೆ ಇದು. ಮೊದಲೇ ಒಂದು ಮಾತು. ನಾನಿರುವುದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಕಿಚನರ್‌ನಲ್ಲಿ. ಈ ದೇಶದಲ್ಲಿ 2018ರ ಅಕ್ಟೋಬರ್ 17ರಿಂದ ಗಾಂಜಾಕ್ಕೆ ಕಾನೂನಿನ ಒಪ್ಪಿಗೆಯಿದೆ. ನಮ್ಮ ಪ್ರಾಂತ್ಯದಲ್ಲಿ ಮನೆಗೆ 4 ಗಿಡ ಬೆಳೆಸಬಹುದು. ತಲೆಗೆ ನಾಲ್ಕಲ್ಲ, ಮನೆಗೆ ನಾಲ್ಕು. ಪಕ್ಕದ ಕ್ವಿಬೆಕ್‌ನಲ್ಲಿ ಒಂದೂ ಬೆಳೆಸುವಂತಿಲ್ಲ. ಊರಲ್ಲಿ ಕೂತು ಓದುತ್ತಿರುವವರಿಗೆ ಹೇಳಬೇಕಾಗಿಲ್ಲ, ಅಲ್ಲಿ ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ, ಕುಂಡದಲ್ಲಿ ಒಂದು ಗಿಡ ಸಿಕ್ಕಿದರೂ ಪೊಲೀಸ್ ಕೇಸು. ಆದರೂ ಓದಿ. ಇಲ್ಲಿ ಬರೆದಿರುವುದರಲ್ಲಿ ಮುಕ್ಕಾಲು ಪಾಲು ಬಾಲ್ಕನಿಯ ಮೆಣಸಿನ ಗಿಡಕ್ಕೂ ಹೊಂದುತ್ತದೆ.

ನನ್ನ ಟೆಂಟು ಶುರುವಾದದ್ದೂ ಗಾಂಜಾಕ್ಕಲ್ಲ, ಕರಿಬೇವಿಗೆ. ಇಲ್ಲಿನ ಚಳಿಗೆ ಕರಿಬೇವು ಹೊರಗೆ ಒಂದು ರಾತ್ರಿ ಉಳಿಯುವುದಿಲ್ಲ. ಅದಕ್ಕಾಗಿ ಬೇಸ್‌ಮೆಂಟಿನಲ್ಲಿ 4 ಅಡಿ ಅಗಲ, 4 ಅಡಿ ಉದ್ದದ ಟೆಂಟು, ಒಂದು ಎಲ್‌ಇಡಿ ದೀಪ, ಒಂದು ಫ್ಯಾನು ಹಾಕಿದೆ. ಮೂರು ಮೂಲೆ ಖಾಲಿ ಉಳಿದವು. ಪರವಾನಗಿ ಇರುವ ಅಂಗಡಿಯಲ್ಲಿ ಬೀಜ ಸಿಗುತ್ತದೆ ಎಂದು ಗೊತ್ತಾದ ಮೇಲೆ ಆ ಮೂಲೆಗಳು ಹಾಗೇ ಖಾಲಿ ಇರಲಿಲ್ಲ.

ಎಲೆ ಕೆಟ್ಟಾಗ ಕಾರಣ ಹುಡುಕಲು ನಾನು ಕೊಂಡದ್ದು ನಾಲ್ಕು ಸಾಮಾನು: ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂದು ಅಳೆಯುವ ಹಳದಿ ಬಣ್ಣದ ಪಿಎಚ್ ಪೆನ್ನು, ಜೊತೆಗೆ ನೀರಿನಲ್ಲಿ ಕರಗಿದ ಲವಣ ಅಳೆಯುವ ಇಸಿ ಪೆನ್ನು, 60 ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್, ಫೋಟೊ ನೋಡಿ ರೋಗ ಹೇಳುವ ಒಂದು ಆ್ಯಪ್. ಬ್ರ್ಯಾಂಡ್ ಹೆಸರು ಕೇಳಬೇಡಿ. ಆ ಹಳದಿ ಪೆನ್ನು ಹತ್ತು ಹೆಸರಿನಲ್ಲಿ ಬರುತ್ತದೆ, ಪಕ್ಕಪಕ್ಕ ಇಟ್ಟರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ.

ಮೊದಲ ಬೆಳೆಯ ನಾಲ್ಕನೇ ವಾರ. ನಡು ಎತ್ತರದ ಎಲೆಗಳಲ್ಲಿ ನರ ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಯಿತು. ಅದರ ಮೇಲಿನ ಎಲೆಗಳಲ್ಲಿ ತುಕ್ಕಿನ ಬಣ್ಣದ ಚುಕ್ಕೆ. ಕೆಳಗಿನವುಗಳ ಅಂಚು ಸುಟ್ಟ ಹಾಗೆ. ಆ್ಯಪ್‌ಗೆ ಮೂರು ಫೋಟೊ ಕೊಟ್ಟೆ, ಮೂರು ಉತ್ತರ ಬಂತು: ಮೆಗ್ನೀಸಿಯಂ ಕೊರತೆ, ಕ್ಯಾಲ್ಸಿಯಂ ಕೊರತೆ, ಪೊಟ್ಯಾಷಿಯಂ ಕೊರತೆ. ಒಂದೇ ಗಿಡ! ಮೂರಕ್ಕೂ ಔಷಧ ಹಾಕಿದೆ. ವಾರದೊಳಗೆ ಎಲೆಯ ತುದಿಗಳೆಲ್ಲ ಕಂದಾದವು. ಅದು ಗೊಬ್ಬರ ಹೆಚ್ಚಾದುದರ ಗುರುತು ಎನ್ನುವುದು ಆಮೇಲೆ ತಿಳಿಯಿತು. ನೀರಿಗೆ ಪೆನ್ನು ಅದ್ದಿ ನೋಡಿದರೆ ಇಸಿ 0.9. ಕಿಚನರ್ ನೀರಿಗೆ ಇದು ಮಾಮೂಲಿ, ಇಲ್ಲಿ ಬಹುಪಾಲು ಅಂತರ್ಜಲ, ಗಡಸು ನೀರು. ಹಾಗಾಗಿ ನೀರು ಸರಿ ಎಂದುಕೊಂಡೆ.

ಆ ವಾರ ಕೊಪ್ಪದಿಂದ ಚಿಕ್ಕಪ್ಪ ವಿಡಿಯೊ ಕಾಲ್ ಮಾಡಿದ್ದರು. ಅಡಿಕೆ ತೋಟದಲ್ಲೇ ಬೆಳೆದವರು. ಬೇಸ್‌ಮೆಂಟಿನಲ್ಲಿದ್ದ ನಾನು ಕ್ಯಾಮೆರಾ ತಿರುಗಿಸಿದೆ. ಕೇಳಿದ್ದು ಒಂದೇ: "ಮಾರಾಯ, ಹಳದಿ ಆದದ್ದು ಕೆಳಗಿನ ಎಲೆಯಾ, ಸುಳಿಯಾ?"

ಎಲೆ ನೋಡುವವರ ಮೊದಲ ಪ್ರಶ್ನೆ ಇದು. ಸಾರಜನಕ, ರಂಜಕ, ಪೊಟ್ಯಾಷಿಯಂ, ಮೆಗ್ನೀಸಿಯಂ ಇವು ಗಿಡದೊಳಗೆ ಓಡಾಡಬಲ್ಲವು. ಸಾಲದೆ ಬಂದರೆ ಗಿಡ ಹಳೆಯ ಎಲೆಯಿಂದ ಕಿತ್ತು ಚಿಗುರಿಗೆ ಕೊಡುತ್ತದೆ, ಆದ್ದರಿಂದ ಮೊದಲು ಸೊರಗುವುದು ಕೆಳಗಿನ ಎಲೆ. ಕ್ಯಾಲ್ಸಿಯಂ, ಕಬ್ಬಿಣ, ಬೋರಾನ್ ಒಮ್ಮೆ ಕೂತ ಜಾಗ ಬಿಟ್ಟು ಏಳುವುದಿಲ್ಲ, ಅವು ಕಡಿಮೆಯಾದರೆ ಪೆಟ್ಟು ಬೀಳುವುದು ಸುಳಿಗೆ. ಕೆಳಗಿನ ಎಲೆ ಇಡಿಯಾಗಿ ಮಂಕು ಹಳದಿಯಾದರೆ ಸಾರಜನಕ ಸಾಲದು. ಅದೇ ಎಲೆಯಲ್ಲಿ ನರ ಮಾತ್ರ ಹಸಿರಾಗಿದ್ದರೆ ಮೆಗ್ನೀಸಿಯಂ. ಸುಳಿಯ ಎಲೆಯಲ್ಲಿ ನರ ಹಸಿರು, ನಡುವೆ ಹಳದಿ ಎಂದರೆ ಕಬ್ಬಿಣ. ಎಲೆ ಕಡು ಹಸಿರಾಗಿ ತುದಿ ಗಿಳಿಯ ಕೊಕ್ಕಿನಂತೆ ಕೆಳಗೆ ಬಾಗಿದರೆ ಸಾರಜನಕ ಅತಿಯಾಗಿದೆ. ಇಷ್ಟನ್ನು ಗೋಡೆಗೆ ಬರೆದು ಅಂಟಿಸಿಕೊಂಡರೆ ಆ್ಯಪ್ ಬೇಡ.

ಎರಡೂ ಕಡೆ ಇದೆ ಎಂದೆ. ಚಿಕ್ಕಪ್ಪ ಸ್ವಲ್ಪ ಹೊತ್ತು ನೋಡಿ, "ಹಿಂದೆ ಇರೋ ಆ ಕರಿಬೇವಿಗೂ ಹಾಗೇ ಆಗಿದೆಯಲ್ಲೋ. ಎರಡು ಜಾತಿಗೆ ಒಂದೇ ಸಲ ಒಂದೇ ಸೀಕು ಬರತ್ತಾ? ನೀರು ನೋಡು" ಅಂದರು. ಮುಂದೆ ಇರುವುದು ಏನು ಗಿಡ ಎಂದು ಅವರು ಕೇಳಲಿಲ್ಲ. ಗೊತ್ತಾಗದೆ ಇರಲಿಕ್ಕೂ ಇಲ್ಲ.

ನೀರನ್ನೇ ಮತ್ತೆ ನೋಡಿದೆ. ನಮ್ಮ ಮನೆಯಲ್ಲಿ ವಾಟರ್ ಸಾಫ್ಟ್‌ನರ್ ಇದೆ. ತಿಂಗಳಿಗೊಮ್ಮೆ ಅದಕ್ಕೆ ಉಪ್ಪಿನ ಮೂಟೆ ಸುರಿಯುವವನೂ ನಾನೇ, ಆದರೂ ತಲೆಗೆ ಹೊಳೆದಿರಲಿಲ್ಲ. ಆ ಯಂತ್ರ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ಲವಣ ಕಡಿಮೆಯಾಗುವುದಿಲ್ಲ, ಬದಲಾಗುತ್ತದೆ ಅಷ್ಟೆ. ಹಾಗಾಗಿ ಇಸಿ ಪೆನ್ನಿನ ಅಂಕಿ ಹೆಚ್ಚುಕಮ್ಮಿ ಅದೇ ಇರುತ್ತದೆ. ಎಷ್ಟು ಉಪ್ಪು ಇದೆ ಎಂದು ಪೆನ್ನು ಹೇಳುತ್ತದೆ, ಯಾವ ಉಪ್ಪು ಎಂದು ಹೇಳುವುದಿಲ್ಲ. ಗಡಸುತನ ನೋಡುವ ಕಾಗದದ ಪಟ್ಟಿ ತಂದು ಅದ್ದಿದೆ. ಬೇಸ್‌ಮೆಂಟಿನ ನಲ್ಲಿಯಲ್ಲಿ ಸೊನ್ನೆ. ಅಡುಗೆಮನೆಯ ತಣ್ಣೀರಿನ ನಲ್ಲಿಯಲ್ಲಿ ಪಟ್ಟಿ ಪೂರ್ತಿ ಬಣ್ಣ ತಿರುಗಿತು, ಆ ಪೈಪು ಸಾಫ್ಟ್‌ನರ್‌ಗೆ ಹೋಗದೆ ನೇರ ಬರುತ್ತದೆ. ಅಷ್ಟು ದಿನವೂ ಗಿಡಕ್ಕೆ ನಾನು ಉಪ್ಪುನೀರು ಹಾಕಿದ್ದೆ, ಮೇಲೆ ಮೂರು ಬಗೆಯ ಗೊಬ್ಬರ ಬೇರೆ.

ಅವತ್ತಿನಿಂದ 10 ಲೀಟರಿನ ಎರಡು ಕ್ಯಾನು ಹೊತ್ತು ಮೆಟ್ಟಿಲು ಇಳಿಯುವುದು ನನ್ನ ವ್ಯಾಯಾಮ. ಕುಂಡದ ಮಣ್ಣನ್ನು ಆ ನೀರಿನಲ್ಲಿ ಚೆನ್ನಾಗಿ ತೊಳೆದೆ. ಸುಟ್ಟ ಅಂಚು, ತುಕ್ಕಿನ ಚುಕ್ಕೆ ಮತ್ತೆ ಹಸಿರಾಗುವುದಿಲ್ಲ, ಹಾಗಾಗಿ ಅವನ್ನು ನೋಡುತ್ತಾ ಕೂತು ಇನ್ನೊಂದು ಔಷಧ ಹಾಕಬಾರದು. ಹೊಸ ಎಲೆ ಹೇಗೆ ಬರುತ್ತಿದೆ ಎಂದು ಹತ್ತು ದಿನ ಕಾಯಬೇಕು. ಒಂಬತ್ತನೇ ದಿನ ಕರಿಬೇವು ಕೆಂಪು ಚಿಗುರು ಬಿಟ್ಟಿತು. ಇನ್ನೊಂದು ಗಿಡ ಅದಕ್ಕಿಂತ ಮೊದಲೇ ಚೇತರಿಸಿತ್ತು.

ಎರಡನೇ ಬೆಳೆಯಲ್ಲಿ ಪಿಎಚ್ ಪೆನ್ನು ಕೈಕೊಟ್ಟಿತು. ತಪ್ಪು ಅರ್ಧ ನನ್ನದು. ಗಾಜಿನ ತುದಿಯನ್ನು ಒಣಗಲು ಬಿಡಬಾರದು, ಬಟ್ಟಿ ಇಳಿಸಿದ ನೀರಿನಲ್ಲೂ ಇಡಬಾರದು, ಮುಚ್ಚಳದಲ್ಲಿ ಪೊಟ್ಯಾಷಿಯಂ ಕ್ಲೋರೈಡ್ ದ್ರಾವಣದ ನಾಲ್ಕು ಹನಿ ಇರಬೇಕು. ಎರಡು ಬೆಳೆಗಳ ನಡುವೆ ಮೂರು ತಿಂಗಳು ಡ್ರಾಯರಿನಲ್ಲಿ ಬಿದ್ದಿದ್ದ ಪೆನ್ನನ್ನು ತೆಗೆದು ನೇರ ನೀರಿಗೆ ಅದ್ದಿದೆ. 6.3 ಎಂದಿತು. ಮಣ್ಣಿನ ಬೆಳೆಗೆ 6ರಿಂದ 6.8 ಬೇಕು, ಸರಿಯಾಯಿತಲ್ಲ. ಮೂರು ವಾರ ಕಳೆಯುವಷ್ಟರಲ್ಲಿ ಸುಳಿಯ ಎಲೆಗಳು ನಿಂಬೆ ಬಣ್ಣಕ್ಕೆ ತಿರುಗಿ ನರಗಳು ಮಾತ್ರ ಹಸಿರು ಗೆರೆಯಾಗಿ ಉಳಿದವು. ಗೋಡೆಯ ಚೀಟಿ ಕಬ್ಬಿಣ ಎನ್ನುತ್ತಿತ್ತು. ಗೊಬ್ಬರದಲ್ಲಿ ಕಬ್ಬಿಣ ಇದ್ದೇ ಇತ್ತು. ಕಬ್ಬಿಣ ಇದ್ದೂ ಬೇರಿಗೆ ಸಿಗದೆ ಹೋಗುವುದು ಪಿಎಚ್ ಏರಿದಾಗ. ಪೆನ್ನು ಸರಿಯಿದೆಯೇ ಎಂದು ನೋಡಲು ಅದರೊಡನೆ ಬಂದಿದ್ದ, ಪಿಎಚ್ 6.86 ಎಂದು ಗೊತ್ತಿರುವ ಬಫರ್ ಪುಡಿಯನ್ನು ಬಟ್ಟಿ ನೀರಿನಲ್ಲಿ ಕಲಸಿ ಅದ್ದಿದರೆ ಪೆನ್ನು ತೋರಿಸಿದ್ದು 5.9! ಸುಮಾರು ಒಂದು ಅಂಕ ಕಡಿಮೆ ತೋರಿಸುತ್ತಿತ್ತು. ನಾನು 6.3 ಎಂದುಕೊಂಡದ್ದು 7ರ ಮೇಲಿತ್ತು. ಗಡಸು ನೀರು ಮಣ್ಣಿನ ಪಿಎಚ್ ಅನ್ನು ದಿನದಿನಕ್ಕೆ ಏರಿಸುತ್ತಲೇ ಇರುತ್ತದೆ, ಅದಕ್ಕೆ ಈ ಸುಳ್ಳೂ ಸೇರಿಕೊಂಡಿತ್ತು.

ತಿರುಪು ತಿರುಗಿಸಿ ಸರಿಮಾಡಿದೆ, ವಾರದಲ್ಲಿ ಮತ್ತೆ ಜಾರಿತು. 14 ತಿಂಗಳಿಗೆ ಅದರ ಋಣ ತೀರಿತು. ಈಗ ಇರುವುದು ತುದಿ ಮಾತ್ರ ಬದಲಿಸಬಹುದಾದ, 110 ಡಾಲರಿನ ಪೆನ್ನು. ದುಬಾರಿ ನಿಜ. ಅದನ್ನೂ ತಿಂಗಳಿಗೆರಡು ಸಲ ಬಫರ್‌ನಲ್ಲಿ ಅದ್ದಿ ನೋಡುತ್ತೇನೆ. ಬಫರ್ ಪುಡಿ ಕೊಳ್ಳಲು ಮನಸ್ಸಿಲ್ಲದವರು ಪೆನ್ನನ್ನೂ ಕೊಳ್ಳಬೇಡಿ. ಹನಿ ಹಾಕಿ ಬಣ್ಣ ನೋಡುವ ಹಳೆಯ ಬಾಟಲಿ ಕಿಟ್ಟು ಅದಕ್ಕಿಂತ ಮೇಲು, ದಶಾಂಶ ತೋರಿಸದಿದ್ದರೂ ಸುಳ್ಳು ಹೇಳುವುದಿಲ್ಲ.

ಲೂಪ್ ಬಗ್ಗೆ ದೂರಿಲ್ಲ. ಮೂರನೇ ಬೆಳೆಯಲ್ಲಿ ಎಲೆಯ ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ, ರವೆ ಉದುರಿಸಿದ ಹಾಗೆ. ಆ್ಯಪ್ "ಕ್ಯಾಲ್ಸಿಯಂ ಕೊರತೆ, ಶೇ. 87 ಖಚಿತ" ಎಂದಿತು. ಎಲೆ ಮಗುಚಿ ಲೂಪ್ ಹಿಡಿದರೆ ಬೆನ್ನ ಮೇಲೆ ಎರಡು ಕಪ್ಪು ಮಚ್ಚೆ ಹೊತ್ತ ಜೇಡ ನುಸಿಗಳು ಆರಾಮಾಗಿ ಓಡಾಡುತ್ತಿವೆ, ಪಕ್ಕದಲ್ಲಿ ಗುಂಡಗಿನ ಮೊಟ್ಟೆಗಳು. ತೆಂಗಿನ ಕಾಯಿಗೆ ನುಸಿ ಹಿಡಿದದ್ದು ನೋಡಿ ಬೆಳೆದವನಿಗೆ ಆ ಹೆಸರೇ ಸಾಕು, ಮೈ ಕಡಿಯತೊಡಗಿತು. ಅಷ್ಟು ಬೇಗ ಕಂಡದ್ದರಿಂದ ಬಚಾವಾದೆ. ಬಲೆ ಕಟ್ಟಿದ ಮೇಲೆ ಬರಿಗಣ್ಣಿಗೂ ಕಾಣುತ್ತದೆ, ಆಗ ತಡವಾಗಿರುತ್ತದೆ. ಹೂ ಇನ್ನೂ ಬಂದಿರಲಿಲ್ಲ, ಸೋಪಿನ ನೀರಿನಲ್ಲಿ ಎಲೆಯ ಅಡಿಭಾಗ ತೊಳೆದು, ಆಮೇಲೆ ನುಸಿಯನ್ನೇ ತಿನ್ನುವ ನುಸಿಗಳನ್ನು ತರಿಸಿ ಬಿಟ್ಟೆ. ಹೂ ಬಿಟ್ಟ ಮೇಲೆ ಏನನ್ನೂ ಸಿಂಪಡಿಸುವುದಿಲ್ಲ, ಕೊನೆಗೆ ಅದು ಹೋಗುವುದು ಶ್ವಾಸಕೋಶಕ್ಕೆ ತಾನೆ. ಲೂಪಿನ ಕಿರಿಕಿರಿ ಒಂದೇ, ಕೈ ನಡುಗಿದರೆ ಏನೂ ಕಾಣದು. ಎಲೆ ಕಿತ್ತು ಮೇಜಿನ ಮೇಲಿಟ್ಟು ನೋಡಿ.

ಆ್ಯಪ್ ಪೂರ್ತಿ ದಂಡ ಎನ್ನಲಾರೆ, ಅದರ ಪಾಡೂ ಕಷ್ಟದ್ದೇ. ನನ್ನ ಮೊದಲ ದೀಪ ನೇರಳೆ ಬಣ್ಣದ್ದು. ಆ ಬೆಳಕಿನಲ್ಲಿ ಹಸಿರು ಯಾವುದು, ಹಳದಿ ಯಾವುದು ಎಂದು ಮನುಷ್ಯನಿಗೇ ತಿಳಿಯುವುದಿಲ್ಲ, ಫೋನಿಗೆ ಹೇಗೆ ತಿಳಿದೀತು? ದೀಪ ಆರಿಸಿ ಬಿಳಿ ಟಾರ್ಚಿನಲ್ಲಿ ತೆಗೆದ ಫೋಟೊಗಳಿಗೆ ಉತ್ತರ ಸುಧಾರಿಸಿತು. ಆದರೂ ಎಲೆ ಮೇಲಿನದೋ ಕೆಳಗಿನದೋ ಎಂದು ಅದು ಒಮ್ಮೆಯೂ ಕೇಳಲಿಲ್ಲ. ಕೊಯ್ಲಿಗೆ ಎರಡು ವಾರ ಇದ್ದಾಗ ಕೆಳಗಿನ ನಾಲ್ಕು ಹಣ್ಣೆಲೆ ತೋರಿಸಿದರೆ ಸಾರಜನಕ ಹಾಕು ಎಂದಿತು. ಆ ಹೊತ್ತಿಗೆ ಎಲೆ ಹಣ್ಣಾಗುವುದು ಸಹಜ. ವರ್ಷದ ಚಂದಾ ಮುಗಿದ ದಿನ ತೆಗೆದುಹಾಕಿದೆ.

ಐದಕ್ಕೆ ಅಂಕ ಕೊಡುವುದಾದರೆ ಲೂಪಿಗೆ 5, ಗಡಸುತನದ ಕಾಗದದ ಪಟ್ಟಿಗೆ 5, ಇಸಿ ಪೆನ್ನಿಗೆ 4, ಹಳದಿ ಪಿಎಚ್ ಪೆನ್ನಿಗೆ ಎರಡೂವರೆ, ಆ್ಯಪ್‌ಗೆ 1. ಇಸಿ ಪೆನ್ನು ಕೊಳ್ಳುವಾಗ ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಲವಣ ಎಷ್ಟು ಪಾಲು ಎನ್ನುವ ಲೆಕ್ಕ) ಬದಲು ಇಸಿ ಅಂಕಿಯನ್ನೇ ತೋರಿಸುವಂಥದು ಆರಿಸಿ. ಒಂದೇ ನೀರಿಗೆ ಒಂದು ಕಂಪನಿಯ ಪೆನ್ನು 500 ಎಂದರೆ ಇನ್ನೊಂದು 700 ಎನ್ನುತ್ತದೆ, ಲೆಕ್ಕದ ಮಾನ ಬೇರೆ ಬೇರೆ. ಗೊಬ್ಬರದ ಡಬ್ಬಿ ಯಾವ ಲೆಕ್ಕದಲ್ಲಿ ಬರೆದಿದೆ ಎಂದು ಹುಡುಕುವುದರಲ್ಲಿ ನನ್ನ ಒಂದು ಭಾನುವಾರ ಹೋಗಿದೆ.

ಈ ಡಿಸೆಂಬರಿನಲ್ಲಿ ಊರಿಗೆ ಹೊರಟಿದ್ದೇನೆ. ಏನು ತರಲಿ ಎಂದು ಚಿಕ್ಕಪ್ಪನನ್ನು ಕೇಳಿದೆ. "ಆ ಭೂತಕನ್ನಡಿ ಒಂದು ತಾ, ಅಡಿಕೆಗೆ ಎಲೆಚುಕ್ಕಿ ಬಂದಿದೆ" ಅಂದರು. ಅದು ಶಿಲೀಂಧ್ರ, ಇದರಲ್ಲಿ ಕಾಣುವುದು ಅಷ್ಟಕ್ಕಷ್ಟೆ ಎಂದೆ.

"ತಾ ನೀನು, ಕಾಣತ್ತೋ ಇಲ್ಲವೋ ನಾನು ನೋಡ್ತೇನೆ."