ಚಿಕಿತ್ಸೆಯ ನಂತರದ ಕುಡಿತದ ಲೆಕ್ಕ: ಕ್ಯಾಲೆಂಡರ್ ವಿಧಾನವನ್ನು ವರ್ಷಗಳ ಕಾಲ ಬಳಸಿದ ಮೇಲೆ

ಮದ್ಯವ್ಯಸನದ ಚಿಕಿತ್ಸೆ ಮುಗಿಸಿ ಮನೆಗೆ ಹೋದವರು ಮತ್ತೆ ಕುಡಿದರೇ, ಕುಡಿದಿದ್ದರೆ ಯಾವ ದಿನ, ಎಷ್ಟು ಎಂಬುದನ್ನು ತಿಳಿಯಲು ಆಪ್ತಸಮಾಲೋಚಕಿಯಾದ ನಾನು ಹಲವು ವರ್ಷಗಳಿಂದ ನೆಚ್ಚಿಕೊಂಡಿರುವುದು ‘ಟೈಮ್‌ಲೈನ್ ಫಾಲೋಬ್ಯಾಕ್’ ವಿಧಾನವನ್ನು. ಲಿಂಡಾ ಸೋಬೆಲ್ ಮತ್ತು ಮಾರ್ಕ್ ಸೋಬೆಲ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ರೂಪಿಸಿದರು. ಬೇಕಾಗುವುದು ಒಂದು ಕ್ಯಾಲೆಂಡರ್ ಹಾಳೆ, ಒಂದು ಪೆನ್ಸಿಲ್, ಅವಸರವಿಲ್ಲದ ಒಂದಿಷ್ಟು ಸಮಯ. ಇದರ ಜೊತೆಗೆ ಉಸಿರಿನ ಪರೀಕ್ಷಾ ಯಂತ್ರ, ರಕ್ತ ಮತ್ತು ಮೂತ್ರ ಪರೀಕ್ಷೆಗಳನ್ನೂ ಬಳಸಿದ್ದೇನೆ. ಒಂದನ್ನು ಮಾತ್ರ ಉಳಿಸಿಕೊಳ್ಳಬೇಕೆಂದರೆ ನಾನು ಕ್ಯಾಲೆಂಡರನ್ನೇ ಉಳಿಸಿಕೊಳ್ಳುತ್ತೇನೆ.

‘ವಾರಕ್ಕೆ ಎಷ್ಟು ಕುಡಿಯುತ್ತೀರಿ?’ ಎಂದು ಕೇಳಿದರೆ ಸಿಗುವುದು ಅಂದಾಜಿನ ಉತ್ತರ. ಕ್ಯಾಲೆಂಡರ್ ಮುಂದಿಟ್ಟಾಗ ಮೊದಲು ಕುಡಿತದ ಮಾತೇ ಬರುವುದಿಲ್ಲ. ಸಂಬಳದ ದಿನ, ಸಂಬಂಧಿಕರ ಮದುವೆ, ಜ್ವರ ಬಂದು ಮಲಗಿದ ವಾರ, ಊರಿಗೆ ಹೋದ ದಿನ ಇವನ್ನೆಲ್ಲ ಗುರುತು ಹಾಕುತ್ತೇವೆ. ಆಮೇಲೆ ಒಂದು ಹನಿಯೂ ಮುಟ್ಟದ ದಿನಗಳನ್ನು ತುಂಬುತ್ತೇವೆ. ಉಳಿದ ಖಾಲಿ ಚೌಕಗಳ ಕಡೆ ನೋಡುತ್ತಾ ರೋಗಿಯೇ ಹೇಳತೊಡಗುತ್ತಾರೆ: “ಮಗಳ ಪರೀಕ್ಷೆ ಶುರುವಾದ ಸೋಮವಾರದಿಂದ ಮುಟ್ಟಲಿಲ್ಲ ಮೇಡಂ. ಪರೀಕ್ಷೆ ಮುಗಿದ ಸಂಜೆ ಮಾತ್ರ ತಡೆಯಲಾಗಲಿಲ್ಲ.” ಈ ಒಂದು ಮಾತಿನಲ್ಲಿ ದಿನಾಂಕವೂ ಇದೆ, ಕಾರಣವೂ ಇದೆ, ಇಷ್ಟು ದಿನ ತಡೆದುಕೊಂಡ ಶಕ್ತಿಯೂ ಇದೆ. ಮೂರು ತಿಂಗಳ ಹಾಳೆ ತುಂಬಲು ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷ ಸಾಕು. ಹನ್ನೆರಡು ತಿಂಗಳವರೆಗೂ ಹೀಗೆ ಹಿಂದಕ್ಕೆ ಹೋಗಬಹುದು.

ಪ್ರಮಾಣದ ಲೆಕ್ಕ ಮಾತ್ರ ಮೊದಮೊದಲು ಬೇಸರ ತರಿಸುತ್ತದೆ. ಒಬ್ಬರ ಪೆಗ್ ಇನ್ನೊಬ್ಬರ ಎರಡು ಪೆಗ್. ಹಾಗಾಗಿ ಎಲ್ಲವನ್ನೂ ಶುದ್ಧ ಆಲ್ಕೋಹಾಲಿನ ಗ್ರಾಂಗೆ ಇಳಿಸುತ್ತೇನೆ: ಮಿಲಿಲೀಟರನ್ನು ಶೇಕಡಾವಾರು ಆಲ್ಕೋಹಾಲಿನಿಂದ ಗುಣಿಸಿ, ನೂರರಿಂದ ಭಾಗಿಸಿ, 0.79ರಿಂದ (ಒಂದು ಮಿ.ಲೀ. ಆಲ್ಕೋಹಾಲಿನ ತೂಕ, ಗ್ರಾಂನಲ್ಲಿ) ಗುಣಿಸಿದರೆ ಆಯಿತು. ಶೇ. 40ರ ಮದ್ಯ 60 ಮಿ.ಲೀ. ಎಂದರೆ ಸುಮಾರು 19 ಗ್ರಾಂ, ಶೇ. 5ರ ಬಿಯರ್ 330 ಮಿ.ಲೀ. ಎಂದರೆ ಸುಮಾರು 13 ಗ್ರಾಂ. ‘ಬಿಯರ್ ಲೆಕ್ಕಕ್ಕಿಲ್ಲ’ ಎನ್ನುವವರಿಗೆ ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಬರೆದು ತೋರಿಸಿದರೆ ಹೆಚ್ಚು ವಾದಿಸಬೇಕಾಗುವುದಿಲ್ಲ.

ಯಂತ್ರಗಳ ವಿಷಯಕ್ಕೆ ಬಂದರೆ, ಉಸಿರಿನ ಪರೀಕ್ಷೆ ಆ ಕ್ಷಣದ ಸತ್ಯವನ್ನಷ್ಟೇ ಹೇಳುತ್ತದೆ. ಹಿಂದಿನ ಸಂಜೆ ಮಿತವಾಗಿ ಕುಡಿದವರ ಉಸಿರು ಬೆಳಿಗ್ಗೆ ಸೊನ್ನೆ ತೋರಿಸಬಹುದು. ಸಂವೇದಕವನ್ನು ಕಾಲಕಾಲಕ್ಕೆ ಸರಿಹೊಂದಿಸದಿದ್ದರೆ ಆ ಸೊನ್ನೆಯನ್ನೂ ನಂಬುವಂತಿಲ್ಲ; ನಾನು ಬಳಸಿದ ಒಂದು ಯಂತ್ರ ಈ ಕಾರಣಕ್ಕೇ ಕಪಾಟು ಸೇರಿತು. ಆದರೂ ಕ್ಯಾಲೆಂಡರ್ ತುಂಬುವ ಮೊದಲು ಒಮ್ಮೆ ಊದಿಸುತ್ತೇನೆ, ಏಕೆಂದರೆ ಮತ್ತಿನಲ್ಲಿರುವವರ ನೆನಪನ್ನು ನೆಚ್ಚಿಕೊಳ್ಳಲಾಗದು. ದೇಹ ಆಲ್ಕೋಹಾಲನ್ನು ಸಂಸ್ಕರಿಸುವಾಗ ಉಂಟಾಗುವ ವಸ್ತುವನ್ನು ಹುಡುಕುವ ಮೂತ್ರದ ಇಟಿಜಿ ಪರೀಕ್ಷೆ ಕೆಲವು ದಿನಗಳ ಹಿಂದಿನ ಕುಡಿತವನ್ನೂ ಹಿಡಿಯುತ್ತದೆ, ಆದರೆ ಆಲ್ಕೋಹಾಲ್ ಇರುವ ಬಾಯಿ ತೊಳೆಯುವ ದ್ರವ ಬಳಸಿದವರಲ್ಲೂ ಕಡಿಮೆ ಮಟ್ಟದ ಸುಳಿವು ಕಾಣಿಸಿಕೊಳ್ಳಬಹುದು. ರಕ್ತದಲ್ಲಿ ಅಳೆಯುವ ಜಿಜಿಟಿ ಎಂಬ ಯಕೃತ್ತಿನ ಕಿಣ್ವ ಕುಡಿತವಲ್ಲದೆ ಬೊಜ್ಜು, ಕೆಲವು ಔಷಧಿಗಳಿಂದಲೂ ಏರುತ್ತದೆ.

ರಕ್ತದಲ್ಲಿ ಫಾಸ್ಫಟೈಡಿಲ್ ಎಥನಾಲ್ ಎಂಬ ವಸ್ತುವನ್ನು ಅಳೆಯುವ ಪಿಇಟಿಎಚ್ ಪರೀಕ್ಷೆಯ ಬಗ್ಗೆ ನನಗೆ ನಿಜವಾದ ಗೌರವವಿದೆ. ಈ ವಸ್ತು ದೇಹದಲ್ಲಿ ಆಲ್ಕೋಹಾಲ್ ಇದ್ದಾಗ ಮಾತ್ರ ಕೆಂಪು ರಕ್ತಕಣಗಳ ಪೊರೆಯಲ್ಲಿ ರೂಪುಗೊಳ್ಳುವುದರಿಂದ ಎರಡರಿಂದ ನಾಲ್ಕು ವಾರಗಳ ಹಿಂದಿನ ಕುಡಿತದ ಗುರುತು ಉಳಿದಿರುತ್ತದೆ. ಆದರೆ ಆ ವಾರಗಳಲ್ಲಿ ಯಾವ ದಿನ, ಯಾಕೆ ಎಂದು ರಕ್ತ ಹೇಳಲಾರದು. ಅದಕ್ಕೆ ಕ್ಯಾಲೆಂಡರೇ ಬೇಕು.

‘ರೋಗಿ ಸುಳ್ಳು ಹೇಳಿದರೆ?’ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಹೇಳುತ್ತಾರೆ, ನಿಜ ಹೇಳಿದ್ದಕ್ಕೆ ಶಿಕ್ಷೆಯಾಗುವ ಕಡೆ. ಕುಡಿದೆ ಎಂದ ಕೂಡಲೇ ಚಿಕಿತ್ಸೆಯಿಂದ ಹೊರಹಾಕುವ, ಉದ್ಯೋಗದಾತರಿಗೆ ತಿಳಿಸುವ, ಮನೆಯವರ ಎದುರು ತಲೆ ತಗ್ಗಿಸುವಂತೆ ಮಾಡುವ ಜಾಗದಲ್ಲಿ ಯಾವ ಹಾಳೆಯೂ ನಿಜವಾಗಿ ತುಂಬುವುದಿಲ್ಲ. ಬರೆದದ್ದು ಈ ಕೋಣೆಯಿಂದಾಚೆ ಹೋಗುವುದಿಲ್ಲ ಎಂಬ ಭರವಸೆ ಇರುವಲ್ಲಿ, ಮತ್ತಿಲ್ಲದ ಸ್ಥಿತಿಯಲ್ಲಿ ಕೇಳಿದರೆ, ಜನ ಹೇಳುವುದು ಬಹುಮಟ್ಟಿಗೆ ನಂಬಲರ್ಹ. ಇದು ಸಂಶೋಧನೆಗಳಲ್ಲೂ ಕಂಡಿದೆ, ನನ್ನ ಅನುಭವವೂ ಅದೇ. ರಕ್ತದ ವರದಿ ಮತ್ತು ಹಾಳೆ ತಾಳೆಯಾಗದಿದ್ದಾಗ ಎರಡನ್ನೂ ಮೇಜಿನ ಮೇಲಿಟ್ಟು, “ಇವೆರಡೂ ಬೇರೆ ಬೇರೆ ಹೇಳುತ್ತಿವೆ, ಒಟ್ಟಿಗೆ ನೋಡೋಣವೇ?” ಎನ್ನುತ್ತೇನೆ. ಪೊಲೀಸರಂತೆ ಸಿಕ್ಕಿಹಾಕಿಸಲು ಹೊರಟರೆ ಮುಂದಿನ ಭೇಟಿಗೆ ಅವರು ಬರುವುದೇ ಇಲ್ಲ. ಬಾರದವರ ಲೆಕ್ಕ ಯಾವ ಪರೀಕ್ಷೆಯಲ್ಲೂ ಸಿಗದು.

ಇನ್ನೊಂದು ಕಾರಣಕ್ಕೂ ಈ ಹಾಳೆ ನನಗೆ ಮುಖ್ಯ. ‘ಮತ್ತೆ ಕುಡಿದರೇ?’ ಎಂಬುದಕ್ಕೆ ಹೌದು ಅಥವಾ ಇಲ್ಲ ಎಂಬ ಉತ್ತರವನ್ನಷ್ಟೇ ನೋಡಿದರೆ, ತಿಂಗಳಿಗೆ ಇಪ್ಪತ್ತು ದಿನ ವಿಪರೀತ ಕುಡಿಯುತ್ತಿದ್ದವರು ಎರಡು ದಿನಕ್ಕೆ ಇಳಿದಿದ್ದರೂ ‘ಸೋತವರು’ ಎನಿಸಿಕೊಳ್ಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಪಾಯದ ಮಟ್ಟಗಳ ಪ್ರಕಾರ ಗಂಡಸರಲ್ಲಿ ದಿನಕ್ಕೆ 100 ಗ್ರಾಂ ಮೀರಿದರೆ ಅತಿ ಹೆಚ್ಚು ಅಪಾಯ, 40 ಗ್ರಾಂವರೆಗೆ ಕಡಿಮೆ ಅಪಾಯ. ಹೆಂಗಸರಲ್ಲಿ ಈ ಗಡಿಗಳು 60 ಮತ್ತು 20. ಮೇಲಿನ ಮಟ್ಟದಿಂದ ಕೆಳಗಿಳಿದದ್ದೂ ಆರೋಗ್ಯಕ್ಕೆ ಲಾಭವೇ. ಪೂರ್ತಿ ಬಿಡುವ ಗುರಿ ಹಾಗೇ ಇರಲಿ, ಇಳಿದದ್ದನ್ನೂ ಕಾಣಬೇಕು.

ಕೊರತೆಗಳಿಲ್ಲವೆಂದಲ್ಲ. ಕುಡಿತದಿಂದ ನೆನಪಿನ ಶಕ್ತಿಗೇ ಪೆಟ್ಟು ಬಿದ್ದವರಿಗೆ ಈ ವಿಧಾನ ಒಗ್ಗುವುದಿಲ್ಲ. ಅಂಥವರ ಒಪ್ಪಿಗೆ ಪಡೆದು ಮನೆಯವರನ್ನು ಜೊತೆಗೆ ಕೂರಿಸಿಕೊಳ್ಳಬೇಕು, ರಕ್ತ ಪರೀಕ್ಷೆಯ ಮೇಲೆ ಹೆಚ್ಚು ಅವಲಂಬಿಸಬೇಕು. ಕುಡಿಯದಿದ್ದರೂ ಆಸೆ ತೀವ್ರವಾಗಿದ್ದ ದಿನಗಳನ್ನು ದಾಖಲಿಸಲು ಮೂಲ ಹಾಳೆಯಲ್ಲಿ ಜಾಗವಿಲ್ಲ. ನಾನು ಚೌಕದ ಮೂಲೆಯಲ್ಲೊಂದು ಚುಕ್ಕಿ ಇಡುತ್ತೇನೆ. ಹೊಸದಾಗಿ ಬಳಸುವವರು ಮೊದಲು 30 ದಿನಗಳ ಹಾಳೆಯಿಂದ ಶುರು ಮಾಡಲಿ, ತುಂಬಿದ ಹಾಳೆಯ ಒಂದು ಪ್ರತಿಯನ್ನು ರೋಗಿಗೂ ಕೊಡಲಿ.