ಫುಲ್‌ಮೆಟಲ್ ಆಲ್ಕೆಮಿಸ್ಟ್: ಮಾಂಗಾವೇ, 2003ರ ಸರಣಿಯೇ, 2009ರ ಸರಣಿಯೇ?

‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ಎಂಬ ಈ ಜಪಾನೀ ಕಥೆಯನ್ನು ಎಲ್ಲಿಂದ ಆರಂಭಿಸಬೇಕೆಂದು ಕೇಳುವವರ ಮುಂದೆ ಮೂರು ಆಯ್ಕೆಗಳಿವೆ: ಹಿರೋಮು ಅರಕಾವಾ 2001ರಿಂದ 2010ರವರೆಗೆ ರಚಿಸಿದ 27 ಸಂಪುಟಗಳ ಮಾಂಗಾ (ಜಪಾನೀ ಕಾಮಿಕ್ಸ್) ಮತ್ತು ಬೋನ್ಸ್ ಸ್ಟುಡಿಯೊ ನಿರ್ಮಿಸಿದ ಎರಡು ಅನಿಮೆ (ಜಪಾನೀ ಅನಿಮೇಷನ್) ಸರಣಿಗಳು.

ಮೂಲನಿಷ್ಠೆಯೇ ಮುಖ್ಯವೆನ್ನುವವರಿಗೆ 64 ಕಂತುಗಳ 2009ರ ‘ಬ್ರದರ್‌ಹುಡ್’ ಸೂಕ್ತ. 51 ಕಂತುಗಳ 2003ರ ಸರಣಿ ಪ್ರಸಾರವಾಗುವಾಗ ಮಾಂಗಾ ಇನ್ನೂ ಮುಗಿದಿರಲಿಲ್ಲವಾದ್ದರಿಂದ, ಅದು ನಡುವೆಯೇ ಬೇರೆ ಹಾದಿ ಹಿಡಿದು ತನ್ನದೇ ಅಂತ್ಯವನ್ನು ಕಟ್ಟಿಕೊಂಡಿತು. ಆ ಅಂತ್ಯದ ಮುಂದುವರಿಕೆಗೆ 2005ರ ಚಲನಚಿತ್ರವನ್ನೂ ನೋಡಬೇಕಾಗುತ್ತದೆ.

ಭಾವತೀವ್ರತೆಯ ಲೆಕ್ಕದಲ್ಲಿ ನನ್ನ ಒಲವು 2003ರ ಸರಣಿಯ ಕಡೆಗೇ ಇದೆ. ಕಥೆಯಲ್ಲಿ ಬರುವ ಪುಟ್ಟ ಹುಡುಗಿ ನೀನಾಳ ಪ್ರಸಂಗವನ್ನು ಅದು ನಿಧಾನವಾಗಿ ಬೆಳೆಸುವುದರಿಂದ ಆಘಾತ ಆಳಕ್ಕಿಳಿಯುತ್ತದೆ. ‘ಬ್ರದರ್‌ಹುಡ್’ ಆರಂಭದ ಘಟನೆಗಳನ್ನು ಅವಸರದಲ್ಲಿ ದಾಟಿಬಿಡುತ್ತದೆ, ಆದರೆ ಉತ್ತರಾರ್ಧದ ರಾಜಕೀಯ ಸಂಚನ್ನು ಬಿಗಿಯಾಗಿ ಹೆಣೆಯುತ್ತದೆ.

ಖರ್ಚಿನಲ್ಲಿ ಮಾಂಗಾ ಭಾರವೇ, ಏಕೆಂದರೆ 27 ಸಂಪುಟಗಳನ್ನು ಕೊಳ್ಳಬೇಕು. ಆದರೂ ತಮ್ಮದೇ ವೇಗದಲ್ಲಿ ಓದಬಯಸುವವರಿಗೆ, ಹೊಕ್ಕೈಡೊದ ಹೈನುಗಾರರ ಮನೆಯಲ್ಲಿ ಬೆಳೆದ ಅರಕಾವಾ ಅವರ ಒರಟು ಹಾಸ್ಯವನ್ನು ಸವಿಯುವವರಿಗೆ ಅದೇ ಸರಿ. ಎರಡೂ ಸರಣಿಗಳನ್ನು ನೋಡುವ ಬಿಡುವಿದ್ದರೆ 2003ರದ್ದನ್ನು ಮೊದಲು ನೋಡುವುದು ಲೇಸು.