ಮೂರು ವರ್ಷ, ಒಂದೇ ಬರ್ಗರ್ ಅಂಗಡಿ: ಕೂತು ತಿಂದರೆ ನಾಲ್ಕು ಸ್ಟಾರ್, ಪಾರ್ಸಲ್ ತಂದರೆ ಎರಡು

ಮಗಳ ಟ್ಯೂಷನ್ ಶನಿವಾರ ಸಂಜೆ ಐದೂವರೆಗೆ ಬಿಡುತ್ತದೆ. ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಈ ಬರ್ಗರ್ ಅಂಗಡಿ. ಹಾಗೆ ಶುರುವಾದ ಅಭ್ಯಾಸಕ್ಕೆ ಈಗ ಮೂರು ವರ್ಷ. ತಿಂಗಳಿಗೆ ಮೂರು ಸಲ ಅಂತ ಹಿಡಿದರೂ ನೂರು ದಾಟಿತು. ಇಲ್ಲಿ ಒಂದೇ ಸಲ ತಿಂದು ಉದ್ದುದ್ದ ಬರೆದವರು ಬೇಕಾದಷ್ಟು ಜನ ಇದ್ದಾರೆ, ನಾನೂ ಸ್ವಲ್ಪ ಬರೆಯಬಹುದು ಅಲ್ವಾ?

ಅಂಗಡಿಯ ಹೆಸರು ಬರೆಯುವುದಿಲ್ಲ. ಕೆಲವು ದೂರು ಇವೆ, ಅಂಗಡಿ ಮಾಲೀಕ ಹುಡುಗ ಬೇಜಾರು ಮಾಡಿಕೊಂಡಾನು. ಸವಳಂಗ ರಸ್ತೆ ಕಡೆ ಅಂದರೆ ಸಾಕು, ಶಿವಮೊಗ್ಗದವರಿಗೆ ಗೊತ್ತಾಗುತ್ತದೆ. ಒಳಗೆ ಆರು ಮೇಜು. ಮಳೆಗಾಲದಲ್ಲಿ ಶೀಟಿನ ಮೇಲೆ ಬೀಳುವ ಸದ್ದಿಗೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸುವುದಿಲ್ಲ.

ಬರೆಯೋಕೆ ಮೊದಲು ಬೇರೆಯವರ ಅಭಿಪ್ರಾಯ ಎಲ್ಲ ಓದಿದೆ. ಒಂದು ಸ್ಟಾರ್ ಕೊಟ್ಟವರಲ್ಲಿ ಹೆಚ್ಚಿನವರು ಹೇಳಿದ್ದು ಒಂದೇ ಮಾತು: ಬನ್ ಒದ್ದೆ, ಪ್ಯಾಟಿ ಮೆತ್ತಗೆ, ಫ್ರೈಸ್ ರಬ್ಬರ್. ಇನ್ನೊಂದು ಸಲ ಓದಿದಾಗ ಗೊತ್ತಾಯಿತು, ಇವರೆಲ್ಲ ಮನೆಗೆ ತರಿಸಿಕೊಂಡವರು. ಐದು ಸ್ಟಾರ್ ಕೊಟ್ಟವರು ಅಲ್ಲೇ ಕೂತು ತಿಂದವರು. ಇಬ್ಬರೂ ತಿಂದದ್ದು ಅದೇ ಬರ್ಗರ್!

ನಾನೂ ಈ ತಪ್ಪು ಮಾಡಿದ್ದೇನೆ. ಮೊದಲ ವರ್ಷ ಪುನರ್ವಸು ಮಳೆ ಹೊಯ್ಯುತ್ತಿದ್ದಾಗ ನಾಲ್ಕು ಬರ್ಗರ್ ಪಾರ್ಸಲ್ ಕಟ್ಟಿಸಿಕೊಂಡು ಗೋಪಾಳದ ಮನೆಗೆ ಹೋದೆ. ಡಬ್ಬಿ ತೆರೆದರೆ ಮುಚ್ಚಳದ ತುಂಬ ನೀರಹನಿ. ಅತ್ತೆ ನೋಡಿ, "ಇದು ಕರಿದದ್ದಲ್ಲ ಕಣೇ, ಕಡುಬಿನ ಹಾಗೆ ಹಬೆಯಲ್ಲಿ ಬೇಯಿಸಿದ್ದಾರೆ" ಅಂದರು. ಸರಿಯಾಗೇ ಹೇಳಿದರು. ಎಣ್ಣೆಯಿಂದ ತೆಗೆದ ಬಿಸಿ ಪ್ಯಾಟಿಯನ್ನು ಮುಚ್ಚಿದ ಡಬ್ಬಿಯಲ್ಲಿಟ್ಟರೆ ಹಬೆ ಹೋಗುವುದೆಲ್ಲಿಗೆ? ಮುಚ್ಚಳಕ್ಕೆ ತಾಗಿ ನೀರಾಗಿ ಬನ್ ಮೇಲೆ ಬೀಳುತ್ತದೆ. ನಮ್ಮ ಮಳೆಗಾಲದ ಥಂಡಿಗೆ ಇನ್ನೂ ಬೇಗ.

ಈಗ ಪಾರ್ಸಲ್ ಬೇಕೇ ಬೇಕು ಅಂದರೆ ಮೂರು ಮಾತು ಹೇಳುತ್ತೇನೆ. ಸಾಸ್, ಮೇಯೊ ಬೇರೆ ಕೊಡಿ. ಬನ್ನಿನ ಒಳಮೈಯನ್ನು ಬೆಣ್ಣೆ ಹಾಕಿ ಕಾವಲಿ ಮೇಲೆ ಚೆನ್ನಾಗಿ ಕೆಂಪಗೆ ಮಾಡಿ. ಡಬ್ಬಿ ಪೂರ್ತಿ ಒತ್ತಿ ಮುಚ್ಚಬೇಡಿ. ಕೆಂಪಗೆ ಸುಟ್ಟ ಬನ್ ಸಾಸನ್ನು ಬೇಗ ಹೀರುವುದಿಲ್ಲ. ಹತ್ತು ನಿಮಿಷದ ದಾರಿಯಾದರೆ ನಡೆಯುತ್ತದೆ. ಫ್ರೈಸ್ ಮಾತ್ರ ಪಾರ್ಸಲ್ ತರಲೇಬೇಡಿ, ದುಡ್ಡು ದಂಡ.

ಅತ್ತೆಯ ವಿಷಯ ಬಂತಲ್ಲ, ಅವರು ತೀರ್ಥಹಳ್ಳಿ ಕಡೆಯವರು, ಶುದ್ಧ ಸಸ್ಯಾಹಾರಿ. ಮೊದಲು ಬರ್ಗರ್ ಮುಟ್ಟಲೂ ಒಪ್ಪಿರಲಿಲ್ಲ. ಹ್ಯಾಂಬರ್ಗರ್ ಅಂದರೆ ಹಂದಿ ಮಾಂಸ ಅಂತ ಯಾರೋ ತಲೆಗೆ ತುಂಬಿದ್ದರು. ಅದು ಜರ್ಮನಿಯ ಹ್ಯಾಂಬರ್ಗ್ ಊರಿನ ಹೆಸರಿಂದ ಬಂದದ್ದು, ಹಂದಿಗೂ ಅದಕ್ಕೂ ಸಂಬಂಧ ಇಲ್ಲ ಅಂತ ಮೊಮ್ಮಗಳು ಒಪ್ಪಿಸಿದಳು. ಆಮೇಲೆ ಆಲೂ ಬರ್ಗರ್ ತಿಂದು, "ಬನ್ನಿನೊಳಗೆ ಬೋಂಡಾ, ಅಷ್ಟೇ ತಾನೆ" ಅಂದರು. ಅವರ ಬಾಯಲ್ಲಿ ಅದು ಹೊಗಳಿಕೆ.

ಆ ಆಲೂ ಪ್ಯಾಟಿ ನಿಜಕ್ಕೂ ಚೆನ್ನಾಗಿತ್ತು. ಅಂಗಡಿಯಲ್ಲೇ ಮಾಡುತ್ತಿದ್ದರು. ಆಲೂಗಡ್ಡೆ, ಬಟಾಣಿ, ಜಜ್ಜಿದ ಶುಂಠಿ, ಜೊತೆಗೆ ಸೂಜಿಮೆಣಸು. ಮೂರನೇ ತುತ್ತಿಗೆ ಖಾರ ನೆತ್ತಿಗೇರುತ್ತಿತ್ತು. ಎರಡನೇ ವರ್ಷ ಒಂದು ದಿನ ನೋಡಿದರೆ ಪ್ಯಾಟಿ ಎಲ್ಲ ಅಚ್ಚು ಹಾಕಿದ ಹಾಗೆ ಒಂದೇ ದುಂಡಗೆ. ಫ್ರೀಜರಿನ ಪ್ಯಾಕೆಟ್ ಮಾಲು. ಕೇಳಿದೆ. "ಅಕ್ಕಾ, ಅಡುಗೆಯವರು ಬೆಂಗಳೂರಿಗೆ ಹೋದರು, ಏನು ಮಾಡಲಿ" ಅಂದ ಮಾಲೀಕ ಹುಡುಗ. ಸುಳ್ಳು ಹೇಳಲಿಲ್ಲ, ಅದು ಇಷ್ಟವಾಯಿತು. ಬೆಲೆ ಮಾತ್ರ ಇಳಿಸಲಿಲ್ಲ, ಅದು ಇಷ್ಟವಾಗಲಿಲ್ಲ. ಈಗ ಶನಿವಾರ, ಭಾನುವಾರ ಮಾತ್ರ ಕೈಯಲ್ಲಿ ಮಾಡಿದ್ದು ಸಿಗುತ್ತದೆ. ಕೇಳಿದರೆ ಮಾತ್ರ ಕೊಡುತ್ತಾರೆ, ಬೋರ್ಡಿನಲ್ಲಿ ಬರೆದಿಲ್ಲ.

ದೊಡ್ಡ ಜಗಳ ಆದದ್ದು ಎಣ್ಣೆ ವಿಷಯಕ್ಕೆ. ವೆಜ್‌ಗೆ ಒಂದು, ಚಿಕನ್‌ಗೆ ಒಂದು ಅಂತ ಎರಡು ಫ್ರೈಯರ್ ಇವೆ. ಗೋಡೆಯ ಮೇಲೆ ಬರೆದೂ ಹಾಕಿದ್ದಾರೆ. ಆದರೆ ದಸರಾ ರಜೆಯ ಒಂದು ಸಂಜೆ ಜನ ಕಿಕ್ಕಿರಿದಿದ್ದಾಗ ಆಲೂ ಪ್ಯಾಟಿಯನ್ನು ಚಿಕನ್ ಕರಿಯುವ ಎಣ್ಣೆಗೆ ಇಳಿಬಿಟ್ಟದ್ದನ್ನು ನಾನೇ ಕಣ್ಣಾರೆ ಕಂಡೆ. ಇನ್ನೊಂದು ಫ್ರೈಯರ್ ಕೆಟ್ಟಿತ್ತಂತೆ. ಅತ್ತೆ ಮೇಜಿನ ಹತ್ತಿರ ಕಾಯುತ್ತಾ ಕೂತಿದ್ದರು. "ಕೆಟ್ಟಿದ್ದರೆ ಇವತ್ತು ವೆಜ್ ಇಲ್ಲ ಅಂತ ಹೇಳಬೇಕಲ್ಲಪ್ಪಾ" ಅಂದೆ. ದುಡ್ಡು ವಾಪಸ್ ಕೊಟ್ಟ, ಕೈಮುಗಿದ. ಅತ್ತೆ ನಾಲ್ಕು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ನಾನು ಚಿಕನ್ ತಿನ್ನುವವಳು, ನನಗೇನೂ ನಷ್ಟವಿಲ್ಲ. ಆದರೂ ಈ ಮೂರು ವರ್ಷದಲ್ಲಿ ನನಗೆ ಸಿಟ್ಟು ಬಂದದ್ದು ಅದೊಂದೇ ಸಲ. ಈಗ ಫ್ರೈಯರ್ ಕೆಟ್ಟರೆ ಕೌಂಟರ್ ಮೇಲೆ ಚೀಟಿ ಅಂಟಿಸುತ್ತಾರೆ. ಎರಡು ಸಲ ಅಂಟಿಸಿದ್ದನ್ನು ನೋಡಿದ್ದೇನೆ.

ಮೇಯೊನೈಸ್ ಬಗ್ಗೆ ಬಹಳ ಜನ ಕೇಳುತ್ತಾರೆ. ಹಸಿ ಮೊಟ್ಟೆಯಲ್ಲಿ ಮಾಡುವ ಮೇಯೊನೈಸನ್ನು ತೆಲಂಗಾಣದಲ್ಲಿ 2024ರಲ್ಲಿ, ತಮಿಳುನಾಡಿನಲ್ಲಿ 2025ರಲ್ಲಿ ನಿಷೇಧಿಸಿದ ಸುದ್ದಿ ಓದಿ ನಾನೂ ವಿಚಾರಿಸಿದೆ. ಮೊಟ್ಟೆ ಇಲ್ಲದ ಪ್ಯಾಕೆಟ್ ತಂದು ತೋರಿಸಿದರು. ಫ್ರಿಜ್ ಒಳಗಿಂದಲೇ ತೆಗೆದರು, ಅದನ್ನೂ ಗಮನಿಸಿದೆ. ಬ್ಯಾಂಕಿನಲ್ಲಿ ಕೆಲಸ ಮಾಡುವವಳಿಗೆ ಈ ಕೆಟ್ಟ ಚಾಳಿ ಹೋಗುವುದಿಲ್ಲ.

ಅದೇ ಚಾಳಿಯಿಂದ ಒಮ್ಮೆ ಬಿಲ್ ಕೂಡ ಓದಿದೆ. ಜಿಎಸ್‌ಟಿ 5% ಸೇರಿಸಿದ್ದರು, ಆದರೆ ಅಕ್ಷರ, ಅಂಕಿ ಸೇರಿ 15 ಇರುವ ಜಿಎಸ್‌ಟಿ ನಂಬರ್ ಎಲ್ಲೂ ಇರಲಿಲ್ಲ. ನಂಬರ್ ಇಲ್ಲದೆ ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವ ಹಾಗಿಲ್ಲ. ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಇಂತಿಷ್ಟು ಅಂತ ತೆರಿಗೆಯನ್ನು ತಾವೇ ಕಟ್ಟುವ ಕಾಂಪೊಸಿಷನ್ ಸ್ಕೀಮಿನಲ್ಲಿರುವವರಂತೂ ನಂಬರ್ ಇದ್ದರೂ ಬಿಲ್ಲಿನಲ್ಲಿ ಬೇರೆಯಾಗಿ ಕೇಳುವ ಹಾಗಿಲ್ಲ. ಹೇಳಿದ ಮೇಲೆ ತೆಗೆದರು. ಮುಂದಿನ ತಿಂಗಳು ಎಲ್ಲ ಬರ್ಗರಿಗೂ ಹತ್ತು ರೂಪಾಯಿ ಜಾಸ್ತಿ ಆಯಿತು, ಅದು ಬೇರೆ ಮಾತು!

ಉಳಿದದ್ದು ಹೇಳುವಷ್ಟೇನಿಲ್ಲ. ಕೋಲ್ಡ್ ಕಾಫಿ ಸಕ್ಕರೆ ಪಾನಕ. ಪನೀರ್ ಬರ್ಗರ್ ಸಪ್ಪೆ. ಚಿಕನ್ ಬರ್ಗರ್ ಕೊಟ್ಟ ಕಾಸಿಗೆ ಮೋಸವಿಲ್ಲ, ಅಪ್ಪಟ ಬಿಸಿ, ಒಳಗೆ ರಸ. ಕೈ ತೊಳೆಯುವಲ್ಲಿ ಸೋಪು ಯಾವಾಗಲೂ ನೀರು ಬೆರೆಸಿದ್ದೇ.

ಹೋಗುವವರು ಐದೂವರೆಯಿಂದ ಆರೂವರೆ ಒಳಗೆ ಹೋಗಿ. ಆಗ ಎಣ್ಣೆ ಹೊಸದು, ಹುಡುಗರಿಗೂ ಪುರುಸೊತ್ತು. ಏಳರ ಮೇಲೆ ಕಾಲೇಜು ಹುಡುಗರ ದಂಡು ಬಂದು ಬೈಕ್ ನಿಲ್ಲಿಸಲೂ ಜಾಗ ಇರುವುದಿಲ್ಲ. ಶನಿವಾರ ಮೂಲೆ ಮೇಜು ಮಾತ್ರ ಬಿಟ್ಟಿರಿ, ಅಲ್ಲಿ ನಾನು, ಮಗಳು, ಮತ್ತೆ ಬರಲು ಶುರುಮಾಡಿರುವ ಅತ್ತೆ ಕೂರುತ್ತೇವೆ. ಅತ್ತೆ ಈಗಲೂ ಆರ್ಡರ್ ಕೊಡುವ ಮೊದಲು ಎದ್ದು ಹೋಗಿ ಫ್ರೈಯರ್ ನೋಡಿಕೊಂಡು ಬರುತ್ತಾರೆ.